ಡ್ರ್ಯಾಗನ್ನಿನ ಹಿಂಗಾಲು

ಜನವರಿ 11, 1954, ಸೋಮವಾರ

ಕೆಲಸ ಸಿಕ್ಕಿತು! ಹದಿನಾಲ್ಕು ತಿಂಗಳು ಸ್ಟುಡಿಯೋ ಗೇಟುಗಳ ಮುಂದೆ ಚಪ್ಪಲಿ ಸವೆಸಿದ ಮೇಲೆ ಕೆಲಸ ಸಿಕ್ಕಿತು! ಮೆಟ್ಟಿಲು ಹತ್ತುವಷ್ಟು ತಾಳ್ಮೆಯಿಲ್ಲದೆ ಮನೆಯೊಡತಿ ಮಿಸೆಸ್ ಓಡೆಗಾರ್ಡ್‌ಗೆ ಬೀದಿಯಿಂದಲೇ ಕೂಗಿ ಹೇಳಿದೆ.

"ಏನು ಪಾತ್ರ?" ಎಂದು ಆಕೆ ಕಿಟಕಿಯಿಂದ ಕೇಳಿದರು.

"ಡ್ರ್ಯಾಗನ್!"

"ಇಡೀ ಡ್ರ್ಯಾಗನ್ನಾ?"

ಈ ಹೆಂಗಸಿಗೆ ಇಂಥ ಪ್ರಶ್ನೆಗಳು ಎಲ್ಲಿಂದ ಹೊಳೆಯುತ್ತವೋ! ಇಡೀ ಡ್ರ್ಯಾಗನ್ ಅಲ್ಲ. ಅರ್ಧ. ಅದೂ ಹಿಂದಿನ ಅರ್ಧ.

ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲ, ಅದಕ್ಕೆ ನಿಜ ಬರೆಯುತ್ತೇನೆ. ನನಗೆ ಅವಮಾನವಾಯಿತು. ನಾನು ಲೆಸ್ಟರ್ ಪಿಂಕಸ್, ವಿನೋದ ಮಂಡಳಿಗಳ ಜೊತೆ ಊರೂರು ಸುತ್ತಿ ಹತ್ತೊಂಬತ್ತು ವರ್ಷ 'ಡಚೆಸ್' ಎಂಬ ಕುದುರೆಯಾಗಿ ರಂಗದ ಮೇಲೆ ಕುಣಿದವನು. ಡಚೆಸ್‌ಳ ತಲೆ ನಾನು, ಮುಂಗಾಲು ನಾನು, ಕಣ್ಣು ಮಿಟುಕಿಸುವುದು, ಹಲ್ಲು ಕಿರಿಯುವುದು ಎಲ್ಲ ನಾನೇ. ಹಿಂಗಾಲು ಐರಾ ಗ್ಲಿಕ್. ಅಷ್ಟು ವರ್ಷದಲ್ಲಿ ಒಂದು ಸಂಜೆಯೂ ಅವನಿಗೆ ತಲೆ ಕೊಟ್ಟವನಲ್ಲ ನಾನು. ಅದೇ ಜಗಳವಾಗಿ ಅವನು ಫ್ರೆಸ್ನೋದಲ್ಲಿ ಶೂ ಮಾರುತ್ತಾ ಕೂತಿದ್ದಾನೆ. ಮಾತು ಬಿಟ್ಟು ಆರು ವರ್ಷ.

"ಮುಂದಿನ ಅರ್ಧಕ್ಕೆ ಎಳೇ ಮಂಡಿ ಬೇಕು ಕಣಯ್ಯ" ಎಂದ ನೃತ್ಯ ನಿರ್ದೇಶಕ ಕಾರ್ವೆತ್. "ನಿನಗೆ ಐವತ್ತನಾಲ್ಕು."

"ಐವತ್ತೊಂದು" ಎಂದೆ.

"ನಿನ್ನ ಮಂಡಿಗೆ ಐವತ್ತನಾಲ್ಕು."

ಚಿತ್ರದ ಹೆಸರು 'ಅರಸನಿಗೊಂದು ಹಾಡು'. ಎಂಟುನೂರು ವರ್ಷ ಹಿಂದಿನ ಕೋಟೆ, ಬುರುಜು, ರಾಜಕುಮಾರಿ. ವೀರ ಅಂತ ಸುಳ್ಳು ಹೇಳಿಕೊಂಡು ಬಂದ ಒಬ್ಬ ಪುಕ್ಕಲ ಹಾಡುಗಾರ. ಅವನನ್ನು ಹೆದರಿಸಲು ಅರಮನೆಯ ವಿದೂಷಕರಿಬ್ಬರು ಡ್ರ್ಯಾಗನ್ ವೇಷ ಹಾಕುತ್ತಾರೆ. ಆರು ನಿಮಿಷದ ಹಾಡು. ಎಂಟುನೂರು ವರ್ಷ ಹಿಂದೆ ಎಲ್ಲರೂ ಕಟಕಟ ಸದ್ದು ಮಾಡುವ ಕುಣಿತದ ಟ್ಯಾಪ್ ಬೂಟು ಹಾಕುತ್ತಿದ್ದರು ಅಂತ ಈ ಚಿತ್ರದಿಂದಲೇ ನನಗೆ ಗೊತ್ತಾದದ್ದು.

ಒಂದು ಸಿಹಿ ಸುದ್ದಿಯೂ ಇದೆ. ಕೊನೆಯಲ್ಲಿ ಡ್ರ್ಯಾಗನ್ ಸತ್ತುಬಿದ್ದ ಮೇಲೆ ಹೊಟ್ಟೆಯ ಗುಂಡಿ ಬಿಚ್ಚಿ ಇಬ್ಬರಲ್ಲಿ ಒಬ್ಬರು ಮುಖ ಹೊರಗೆ ಹಾಕಿ ಒಂದು ಮಾತು ಆಡಬೇಕು. "ಕೊಂದಿದ್ದು ಮುಗೀತಾ, ಧಣಿ? ಹಂಗಾದ್ರೆ ನಾವು ಊಟಕ್ಕೆ ಹೋಗ್ತೀವಿ." ಯಾರು ಆಡುವುದೆಂದು ಕಾರ್ವೆತ್ ಇನ್ನೂ ಹೇಳಿಲ್ಲ. ಈ ಊರಿನಲ್ಲಿ ಮಾತು ಸಿಕ್ಕವನು ನಟ, ಮಾತಿಲ್ಲದವನು ಸಾಮಾನು. ಹನ್ನೊಂದು ಚಿತ್ರಗಳಲ್ಲಿ ನಾನು ಸಾಮಾನಾಗಿದ್ದೇನೆ. ತಲೆಯ ಮೇಲೆ ತಲೆ ಬಿದ್ದರೂ ಸರಿ, ಆ ಮಾತು ನನ್ನದೇ.

ಜನವರಿ 13, ಬುಧವಾರ

ಮುಂದಿನ ಅರ್ಧ ಬಂತು. ಡೆಲ್ಫಿ ರೂಕರ್, ನೆಬ್ರಾಸ್ಕಾದವಳು, ಇಪ್ಪತ್ತಮೂರು ವರ್ಷ, ಕಾಲು ಎಲ್ಲಿ ಮುಗಿಯುತ್ತದೋ ಗೊತ್ತಾಗದಷ್ಟು ಉದ್ದ. ನನ್ನ ಹೆಸರು ಕೇಳಿದ ಕೂಡಲೇ ಅವಳ ಕಣ್ಣರಳಿತು.

"ಮಿಸ್ಟರ್ ಪಿಂಕಸ್! ಡಚೆಸ್ ಕುದುರೆ ನೀವೇನಾ? ಆರು ವರ್ಷದವಳಿದ್ದಾಗ ಒಮಾಹಾದಲ್ಲಿ ನೋಡಿದ್ದೆ! ನಕ್ಕು ನಕ್ಕು ಬಿಕ್ಕಳಿಕೆ ಬಂದು ಅಮ್ಮ ಬೆನ್ನು ಗುದ್ದಬೇಕಾಯ್ತು!"

ಹುಡುಗಿ ಪರವಾಗಿಲ್ಲ, ಕಲೆಯ ಬೆಲೆ ಗೊತ್ತಿದೆ ಅಂದುಕೊಂಡೆ.

"ಆ ಹಿಂಗಾಲು ಇತ್ತಲ್ಲ," ಎಂದಳು, "ಅಬ್ಬಬ್ಬಾ! ಅದನ್ನ ಇವತ್ತಿಗೂ ಮರೆತಿಲ್ಲ."

ಮಿಕ್ಕ ದಿನ ಅವಳ ಜೊತೆ ಮಾತಾಡಲಿಲ್ಲ.

ಜನವರಿ 19, ಮಂಗಳವಾರ

ತಾಲೀಮಿನಲ್ಲೇ ಬೆನ್ನು ಮುರಿಯಿತು. ಹಿಂಗಾಲಿನವನು ಸೊಂಟ ಬಗ್ಗಿಸಿ, ಮುಂದಿನವರ ಬೆಲ್ಟಿನ ಹಿಡಿಕೆ ಹಿಡಿದು, ಕತ್ತಲಲ್ಲಿ ಒಂದು ಬೆನ್ನನ್ನೇ ನೋಡುತ್ತಾ ಕುಣಿಯಬೇಕು. ಮೊದಲೇ ಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ಒಳಗಿರುವವನಿಗೆ ಅದು ಪಕ್ಕದ ಮನೆಯ ಜಗಳದ ಹಾಗೆ ಕೇಳಿಸುತ್ತದೆ. ಡೆಲ್ಫಿ ನನ್ನ ಕೈ ಮೇಲೆ ತಾಳ ತಟ್ಟುತ್ತಾಳೆ. ಎರಡು ತಟ್ಟಿದರೆ ಎಡಕ್ಕೆ, ಒಂದು ಗುದ್ದಿದರೆ ನೆಗೆತ. ಟೆಕ್ನಿಕಲರ್ ಬಣ್ಣದ ಚಿತ್ರಕ್ಕೆ ಬೇಕಾದ ದೀಪಗಳೆಲ್ಲ ಹತ್ತಿಕೊಂಡರೆ ಒಳಗೆ ರೊಟ್ಟಿ ಸುಡಬಹುದು. ಅದರ ಮೇಲೆ ಮಹಾರಾಯಿತಿ ಮಧ್ಯಾಹ್ನ ಸಾರ್ಡೀನ್ ಮೀನಿನ ಸ್ಯಾಂಡ್‌ವಿಚ್ ತಿಂದು ಬಂದಿದ್ದಳು.

ಡಚೆಸ್ ದಿನಗಳಲ್ಲಿ ಪ್ರತಿ ಆಟಕ್ಕೆ ಮುಂಚೆ ನಾನು ಹಸಿ ಈರುಳ್ಳಿ ತಿನ್ನುತ್ತಿದ್ದೆ. ಗಂಟಲಿಗೆ ಒಳ್ಳೆಯದು. ಐರಾ ಏನೋ ಗೊಣಗುತ್ತಿದ್ದ. ಅದೇಕೆ ಈಗ ನೆನಪಾಯಿತೋ.

ಮಾತು ಗಿಟ್ಟಿಸುವ ಕೆಲಸವನ್ನೂ ಶುರುಮಾಡಿದ್ದೇನೆ. ಉಡುಪಿನ ಮನೆಯ ಹಲ್ಡಾಳ ಹತ್ತಿರ ಹೋದೆ. ಐವತ್ತು ಸೈನಿಕರಿಗೆ ದಾರದಲ್ಲಿ ಕವಚ ಹೆಣೆದು, ಬೆಳ್ಳಿ ಬಣ್ಣ ಬಳಿದು, ಉಕ್ಕು ಅಂತ ಜಗತ್ತನ್ನು ನಂಬಿಸುವ ಹೆಂಗಸು ಅವಳು. ಬಾದಾಮಿ ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟೆ.

"ಹಲ್ಡಾ, ಆ ಡ್ರ್ಯಾಗನ್ ಹೊಟ್ಟೆ ಗುಂಡಿ ಇದ್ಯಲ್ಲ, ಅದನ್ನ ಸ್ವಲ್ಪ ಹಿಂದಕ್ಕೆ ಸರಿಸಿ ಹೊಲಿ."

"ಎಷ್ಟು ಹಿಂದಕ್ಕೆ?"

"ನನ್ನ ಮುಖ ಬರೋವಷ್ಟು."

ಅವಳು ಹೆಣಿಗೆ ಕಡ್ಡಿ ಕೆಳಗಿಟ್ಟಳು. "ಲೆಸ್ಟರ್, ಡ್ರ್ಯಾಗನ್ನಿನ ಯಾವ ಭಾಗದಲ್ಲಿ ನಿನ್ನ ಮುಖ ಇರುತ್ತೆ ಅಂತ ಯೋಚನೆ ಮಾಡಿದ್ಯಾ? ಅಲ್ಲಿಂದ ಒಬ್ಬ ಮನುಷ್ಯ ಇಣುಕಿದ್ರೆ ಸೆನ್ಸಾರ್‌ನೋರು ನಮ್ಮನ್ನೆಲ್ಲ ಜೈಲಿಗೆ ಹಾಕ್ತಾರೆ ಕಣೋ."

ಬಿಸ್ಕತ್ತು ಮಾತ್ರ ವಾಪಸ್ ಕೊಡಲಿಲ್ಲ.

ಸಂಜೆ ಐರಾಗೆ ಒಂದು ಕಾರ್ಡು ಬರೆದೆ. ಹವಾಮಾನದ ಬಗ್ಗೆ. ಕೊನೆಯಲ್ಲಿ ಜಾಗ ಉಳಿದಿತ್ತು ಅಂತ 'ನಿನ್ನ ಬೆನ್ನು ಹೇಗಿದೆ?' ಎಂದು ಸೇರಿಸಿದೆ.

ಜನವರಿ 22, ಶುಕ್ರವಾರ

ಗೆದ್ದೆ! ಮಾತು ನನ್ನದು! ಲೆಸ್ಟರ್ ಪಿಂಕಸ್ ಮಾತಾಡಲಿದ್ದಾನೆ, ಅಮೆರಿಕ ಕೇಳಲಿದೆ!

ಮೂರು ದಿನದಿಂದ ಕ್ಯಾಂಟೀನಿನಲ್ಲಿ, ಕಕ್ಕಸಿನಲ್ಲಿ, ಕಾರ್ವೆತ್ ಎಲ್ಲೆಲ್ಲಿ ನಿಂತಿರುತ್ತಾನೋ ಅಲ್ಲೆಲ್ಲ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಾ ತಿರುಗಿದೆ. ಇವತ್ತು ಅವನು ಕಿವಿ ಮುಚ್ಚಿಕೊಂಡು ಕೂಗಿದ. "ಆಯ್ತು ಮಾರಾಯ, ಆಯ್ತು! ನೀನೇ ಹೇಳು! ಸುಕ್ಕು ಮುಖ ಹೊರಗೆ ಬಂದ್ರೆ ತಮಾಷೆನೂ ಜಾಸ್ತಿ."

ಸುಕ್ಕು ಎಂದದ್ದನ್ನು ಕ್ಷಮಿಸಿದ್ದೇನೆ. ಡೆಲ್ಫಿ ಬಂದು ಕೈ ಕುಲುಕಿದಳು. "ನಿಮಗೇ ಸಿಗ್ಬೇಕಾಗಿತ್ತು ಬಿಡಿ" ಎಂದಳು. ನಗುತ್ತಲೇ ಅಂದಳು, ಆದರೆ ನೀರು ಕುಡಿಯುವ ನೆಪದಲ್ಲಿ ಹತ್ತು ನಿಮಿಷ ಕಾಣಲಿಲ್ಲ. ನನಗೇನು? ಅವಳಿಗಿನ್ನೂ ಇಡೀ ಆಯಸ್ಸಿದೆ.

ಐರಾನ ಉತ್ತರ ಬಂತು. 'ಬೆನ್ನು 1931ರಿಂದ ನೋಯುತ್ತಿದೆ. ಈಗ ಯಾಕೆ ಕೇಳುತ್ತೀಯ? ಯಾರಾದರೂ ಸತ್ತರಾ?'

ಜನವರಿ 26, ಮಂಗಳವಾರ

ಇವತ್ತಿನದನ್ನು ಬರೆಯಲೋ ಬೇಡವೋ ಅಂತ ಅರ್ಧ ಗಂಟೆ ಕೂತೆ.

ಚಿತ್ರೀಕರಣದ ಮೊದಲ ದಿನ. ಏಳನೇ ಟೇಕ್. ಡ್ರ್ಯಾಗನ್ ಕೋಟೆಯ ಮೆಟ್ಟಿಲು ಇಳಿದು, ಮೂರು ಸುತ್ತು ಸುತ್ತಿ, ಮೇಜಿನ ಮೇಲೆ ಹಾರಬೇಕು. ಎರಡನೇ ಸುತ್ತಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಕಾಲು ಎರಡೂ ನನ್ನವಲ್ಲ ಅನ್ನಿಸಿತು. ಬಿದ್ದೆ ಅಂದುಕೊಂಡೆ. ಬೀಳಲಿಲ್ಲ. ಆ ಹುಡುಗಿ ಒಂದು ಕೈ ಹಿಂದಕ್ಕೆ ಚಾಚಿ ನನ್ನ ಅಂಗಿಯ ಕೊರಳು ಹಿಡಿದು, ಇಡೀ ಡ್ರ್ಯಾಗನ್ನನ್ನೂ ಒಳಗಿದ್ದ ನನ್ನನ್ನೂ ಎಳೆದುಕೊಂಡು ಮೂರನೇ ಸುತ್ತು ಸುತ್ತಿದಳು! ಮೇಜಿನ ಮೇಲೆ ಹೇಗೆ ಹತ್ತಿಸಿದಳೋ ದೇವರೇ ಬಲ್ಲ. "ಉಸಿರಾಡಿ, ಉಸಿರಾಡಿ, ಐದು, ಆರು, ಉಸಿರಾಡಿ, ಎಂಟು" ಅನ್ನುತ್ತಲೇ ಇದ್ದಳು.

"ಕಟ್! ಭೇಷ್! ಹಿಂಗಾಲು ಈ ಸಲ ಕುಡಿದವರ ಥರ ತೇಲಾಡ್ತಿತ್ತು, ಅದೇ ಚೆನ್ನಾಗಿದೆ, ಅದೇ ಇರ್ಲಿ!" ಎಂದು ಕಾರ್ವೆತ್ ಕುಣಿದಾಡಿದ.

ಡೆಲ್ಫಿ ನನ್ನನ್ನು ಬುರುಜಿನ ಹಿಂದೆ ಕೂರಿಸಿ, ಬೆವರಿ ಬಸವಳಿದವರಿಗೆ ಕೊಡುವ ಉಪ್ಪಿನ ಮಾತ್ರೆ ಕೊಟ್ಟಳು.

"ಯಾರಿಗೂ ಹೇಳ್ಬೇಡ" ಎಂದೆ. ಹೇಳಿದರೆ ಸಂಜೆಗೇ ಬೇರೆ ಹಿಂಗಾಲು ಬರುತ್ತಿತ್ತು. ನನ್ನ ಮಾತೂ ಹೋಗುತ್ತಿತ್ತು.

"ಏನನ್ನ ಹೇಳ್ಬಾರ್ದು?" ಎಂದಳು. "ನನಗೇನು ಕಾಣುತ್ತೆ? ನೀವು ನನ್ನ ಬೆನ್ನ ಹಿಂದಲ್ವಾ ಇರೋದು."

ಇನ್ನೊಬ್ಬಳಾಗಿದ್ದರೆ ಆ ಮಾತನ್ನು ತನಗೇ ಗಿಟ್ಟಿಸಿಕೊಳ್ಳಲು ಇಷ್ಟು ಸಾಕಾಗಿತ್ತು.

ಜನವರಿ 28, ಗುರುವಾರ

ಮಾನ ಹೋಯಿತು. ಐವತ್ತು ಸೈನಿಕರ ಎದುರಿಗೆ ಹೋಯಿತು.

ಸಾಯುವ ದೃಶ್ಯ. ಪುಕ್ಕಲ ವೀರ ಕಣ್ಣು ಮುಚ್ಚಿ ಸೌಟು ಬೀಸುತ್ತಾನೆ, ಡ್ರ್ಯಾಗನ್ ಮುಂಗಾಲು ಹಿಂಗಾಲು ಒಟ್ಟಿಗೆ ಧೊಪ್ಪೆಂದು ಬೀಳಬೇಕು. ಡೆಲ್ಫಿ ಬಿದ್ದಳು. ನಾನು ಬೀಳಲಿಲ್ಲ. ನಿಂತೇ ಇದ್ದೆ. ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಂಡೆ. ಆ ಕಡೆ ತಿರುಗಿದೆ, ಈ ಕಡೆ ತಿರುಗಿದೆ. ಅಲ್ಲಿ ಸ್ಪೀಕರಿನಲ್ಲಿ ಹಾಡು ಓಡುತ್ತಿದೆ, ಇಲ್ಲಿ ಸತ್ತ ಮುಂಗಾಲಿನ ಹಿಂದೆ ಹಿಂಗಾಲು ಆರಾಮಾಗಿ ನಿಂತಿದೆ! ಎಣಿಸಿ ನಾಲ್ಕು ತಾಳ ಕಳೆದ ಮೇಲೆ ಬಿದ್ದೆ.

"ಪಿಂಕಸ್!" ಕಾರ್ವೆತ್‌ನ ಕೂಗಿಗೆ ಬಣ್ಣದ ಗೋಡೆ ಅದುರಿತು. "ಯಾಕಯ್ಯಾ ನಿಂತೆ? ಬಸ್ಸಿಗೆ ಕಾಯ್ತಿದ್ಯಾ?"

"ನಗುವಿಗೆ ಕಾಯ್ತಿದ್ದೆ" ಎಂದುಬಿಟ್ಟೆ.

ಸ್ಟುಡಿಯೋದಲ್ಲಿ ಯಾರು ನಗುತ್ತಾರೆ? ನಕ್ಕರೆ ಟೇಕ್ ಹಾಳು. ಅದು ರಂಗದವರ ಚಾಳಿ. ಜನ ನಗುವಾಗ ಮುಂದಿನ ಕೆಲಸ ಮಾಡಬಾರದು, ನಗು ಇಳಿಯುವವರೆಗೆ ಕಾಯಬೇಕು. ಐರಾ ಹಾಗೇ ನಿಲ್ಲುತ್ತಿದ್ದ. ಮುಂಗಾಲಾದ ನಾನು ನೆಲದ ಮೇಲೆ ಸತ್ತು ಬಿದ್ದು "ಬೀಳೋ, ಬೇಗ ಬೀಳೋ" ಎಂದು ಬೈಯುತ್ತಿದ್ದೆ. ಅವನು ಜನರನ್ನು ಚೆನ್ನಾಗಿ ನಗಿಸಿಯೇ ಬೀಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟು ವರ್ಷ ನಾನು ಅವನನ್ನು ಡೊಂಕು ಅಂದೆ.

ಆಮೇಲೆ ನಾಲ್ಕು ಸಲ ಸರಿಯಾಗಿ ಬಿದ್ದೆವು.

ಜನವರಿ 29, ಶುಕ್ರವಾರ

ನಿರ್ಮಾಪಕರು ನಿನ್ನೆಯ ತುಣುಕುಗಳನ್ನು ನೋಡಿದರಂತೆ. ಸರಿಯಾಗಿ ಬಿದ್ದ ನಾಲ್ಕನ್ನೂ ಆಕಳಿಸುತ್ತಾ ನೋಡಿ, ನಾನು ನಿಂತುಬಿಟ್ಟದ್ದು ಬಂದಾಗ ಕುರ್ಚಿಯಿಂದ ಜಾರಿದರಂತೆ! ಅದನ್ನೇ ಇಡಿ ಎಂದು ಅಪ್ಪಣೆ. ಕಾರ್ವೆತ್ ನನ್ನನ್ನು ಕಂಡು, ಅದು ತನ್ನದೇ ಉಪಾಯ ಎಂಬಂತೆ ಬೆನ್ನು ತಟ್ಟಿದ.

"ಕಾರ್ವೆತ್, ಅದಾದ ಕೂಡ್ಲೇ ಮುಖ ಹೊರಗೆ ಬಂದು ಮಾತಾಡೋದಿದೆ. ಜನ ನಕ್ಕರೆ ಮಾತು ಮುಳುಗಿಹೋಗುತ್ತೆ. ನಡುವೆ ಸ್ವಲ್ಪ ಜಾಗ ಬಿಡಿ" ಎಂದೆ.

"ಹಿಂಗಾಲಿಗೆ ಯಾರಯ್ಯಾ ಅಷ್ಟೊಂದು ನಗ್ತಾರೆ!" ಎಂದು ಹೊರಟುಹೋದ.

ಐರಾಗೆ ದೊಡ್ಡ ಕಾಗದವನ್ನೇ ಬರೆದೆ. ನಿರ್ಮಾಪಕರು ಕುರ್ಚಿಯಿಂದ ಜಾರಿದ್ದು ನಿನ್ನಿಂದ ಎಂದು ಬರೆದೆ. ಹಾಗೆ ಬರೆದಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ, ಆದರೆ ಡಬ್ಬಿಗೆ ಹಾಕಿ ಆಯಿತು.

ಫೆಬ್ರವರಿ 1, ಸೋಮವಾರ

ಹಲ್ಡಾ ಬಾಯಿಬಿಟ್ಟಳು. ಡೆಲ್ಫಿಯದು ಆರು ತಿಂಗಳ ಕರಾರು, ಮೇ ಕೊನೆಗೆ ಮುಗಿಯುತ್ತದೆ. ಸ್ಟುಡಿಯೋ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಗಂಟುಮೂಟೆ. ಎರಡು ಚಿತ್ರದಲ್ಲಿ ಗುಂಪಿನಲ್ಲಿ ಕುಣಿದಿದ್ದಾಳೆ, ಈ ಚಿತ್ರದಲ್ಲಿ ಡ್ರ್ಯಾಗನ್ನಿನ ಒಳಗಿದ್ದಾಳೆ. ಅವಳಿಗೊಂದು ಮುಖವಿದೆ ಅಂತಲೇ ಮೇಲಿನವರಿಗೆ ಗೊತ್ತಿಲ್ಲ.

"ಊರಲ್ಲಿ ದನದ ಮೇವಿನ ಅಂಗಡಿಯವನೊಬ್ಬ ಕಾಯ್ತಿದ್ದಾನಂತೆ, ಮದುವೆಗೆ" ಎಂದಳು ಹಲ್ಡಾ. "ಒಳ್ಳೆಯವನಂತೆ. ಅದೇ ಅವಳಿಗೆ ದೊಡ್ಡ ಹೆದರಿಕೆ."

"ನನಗ್ಯಾಕೆ ಹೇಳ್ತಿದ್ದೀಯ?"

"ಹೆಣಿತಾ ಇದ್ದೀನಿ, ಬಾಯಿ ಖಾಲಿ ಇದೆ, ಹೇಳ್ದೆ."

ಸಂಚುಗಾರ್ತಿ! ನಾನೇನು ಮಾಡಲಿ? ಹನ್ನೊಂದು ಚಿತ್ರ, ಒಂದೂ ಮಾತಿಲ್ಲ. ನನಗೆ ಬೇಕು ಆ ಮಾತು. ಬೇಕೇ ಬೇಕು. ಬೇಡ ಅಂದರೆ ನಾನು ಸುಳ್ಳ.

ಡೆಲ್ಫಿ ಮಾತ್ರ ಒಂದಕ್ಷರ ಎತ್ತಲಿಲ್ಲ. ನಾಡಿದ್ದು ಮುಖದ ಬಣ್ಣ ಜಾಸ್ತಿ ಬಳಿಸಿಕೊಳ್ಳಬೇಡಿ, ಒಳಗೆ ಬೆವರಿಗೆ ಇಳಿಯುತ್ತದೆ ಎಂದು ನನಗೆ ಬುದ್ಧಿ ಹೇಳಿದಳು.

ಫೆಬ್ರವರಿ 3, ಬುಧವಾರ

ಏನಾಯಿತೋ ತಿಳಿಯದು. ಹವಾಮಾನ ಇರಬೇಕು. ಮೂವತ್ತೈದು ವರ್ಷ ರಂಗದ ಮೇಲೆ ಒಂದು ಮಾತು ತಪ್ಪದ ನಾಲಿಗೆ ಇವತ್ತು ಕೈಕೊಟ್ಟಿತು.

ಕ್ಯಾಮರಾ ಮೂರಡಿ ದೂರ. ದೀಪವೆಲ್ಲ ನನ್ನ ಮೇಲೆ. ಗುಂಡಿ ಬಿಚ್ಚಿದೆ, ಮುಖ ಹೊರಗೆ ಹಾಕಿದೆ.

"ಊಟ ಮುಗೀತಾ, ಧಣಿ? ಹಂಗಾದ್ರೆ ನಾವು ಕೊಂದು ಬರ್ತೀವಿ."

"ಕಟ್!"

ಎರಡನೇ ಸಲ ಸೀನು ಬಂತು. ಮೂರನೇ ಸಲ ಧಣಿ ಅನ್ನುವ ಕಡೆ ಕಾರ್ವೆತ್ ಅಂದುಬಿಟ್ಟೆ. ನಾಲ್ಕನೇ ಸಲ ಮುಖವೇನೋ ಸರಿಯಾಗಿ ಹೊರಗೆ ಬಂತು, ಮಾತೇ ಬರಲಿಲ್ಲ. ಆರನೇ ಸಲ ಕುದುರೆಯ ಹಾಗೆ ಕೆನೆದೆ. ಸೈನಿಕರು ದಾರದ ಕವಚ ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದರು. ಕಾರ್ವೆತ್ ಟೋಪಿ ತೆಗೆದು ಅದನ್ನು ತುಳಿದ.

"ಏಳೇ ಏಳು ಮಾತು ಕಣಯ್ಯ! ಗಿಳಿಗೆ ಕೊಟ್ಟಿದ್ರೂ ಇಷ್ಟೊತ್ತಿಗೆ ಹೇಳಿರೋದು!"

ಒಳಗೆ ಕತ್ತಲಲ್ಲಿ ಡೆಲ್ಫಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂಬತ್ತನೇ ಸಲ ಮುಖ ಒಳಗೆಳೆದುಕೊಂಡಾಗ ನನ್ನ ತೋಳು ಚಿವುಟಿದಳು.

"ನೀವು ಬೇಕಂತ ಮಾಡ್ತಿದ್ದೀರ."

"ಸುಮ್ನಿರು. ನನ್ನ ಏಕಾಗ್ರತೆ ಕೆಡುತ್ತೆ."

"ಲೆಸ್ಟರ್, ಹಾಳಾಗ್ಹೋಗ್ಲಿ, ಸರಿಯಾಗಿ ಹೇಳಿ! ನಿಮ್ಮ ಮಾತು ಅದು!"

"ಹೆಸರು ಹಿಡಿದು ಕರೆಯೋಷ್ಟು ದೊಡ್ಡವಳಾದ್ಯಾ? ಮಿಸ್ಟರ್ ಪಿಂಕಸ್ ಅನ್ನು."

ಹುಡುಗಿಗೆ ಏನೇನೋ ಅನುಮಾನ. ಹನ್ನೊಂದನೇ ಸಲ ಮತ್ತೆ ಸೀನಿದೆ. ಕಾರ್ವೆತ್ ಆಕಾಶ ನೋಡಿ, ಅಲ್ಲಿ ಬರೀ ದೀಪ ಕಂಡು, "ಆ ಹುಡುಗಿ ಹೊರಗೆ ಬರ್ಲಿ. ಅವಳೇ ಹೇಳ್ಲಿ. ಯಾರಾದ್ರೂ ಹೇಳಿ. ನಾನು ಮನೆಗೆ ಹೋಗ್ಬೇಕು" ಎಂದ.

ಒಂದೇ ಟೇಕ್. ಡೆಲ್ಫಿ ಮುಖ ಹೊರಗೆ ಹಾಕಿದಳು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಕಣ್ಣು ತುಂಬಿತ್ತು, ಆ ಕಣ್ಣಲ್ಲೇ ಎಷ್ಟು ಹಸಿದವಳಂತೆ ಅಂದಳು ಅಂದರೆ ದೀಪದವರಿಗೇ ಹಸಿವಾಯಿತು. ನಾನು ಒಳಗಿಂದ ಅವಳ ಹಿಮ್ಮಡಿಯನ್ನು ನೋಡಿದೆ, ಅಷ್ಟೇ.

ದೊಡ್ಡ ಅವಕಾಶ ಕೈಬಿಟ್ಟಿತು. ದುಃಖವಾಗಬೇಕಿತ್ತು. ಎದೆ ಏನೋ ಹಗುರವಾಗಿದೆ, ಗ್ಯಾಸ್ ಇರಬೇಕು.

ಫೆಬ್ರವರಿ 5, ಶುಕ್ರವಾರ

ಕೆಲಸ ಮುಗಿಯಿತು. ಡ್ರ್ಯಾಗನ್ನನ್ನು ಮಡಿಸಿ ಪೆಟ್ಟಿಗೆಗೆ ಹಾಕಿದರು. ಹಲ್ಡಾ ಸಂಜೆ ನನಗೆ ಬಾದಾಮಿ ಬಿಸ್ಕತ್ತು ತಂದುಕೊಟ್ಟಳು, ಬೇರೆ ಪೊಟ್ಟಣ.

ಏಪ್ರಿಲ್ 12, ಸೋಮವಾರ

ಕೆಲಸವಿಲ್ಲ. ಸಾಬೂನಿನ ಜಾಹೀರಾತಿಗೆ ಅಜ್ಜನ ಪಾತ್ರ ಕೇಳಿದೆ. ನಾನು ಚಿಕ್ಕವನಾದೆನಂತೆ! ಈ ಸುದ್ದಿ ಹೇಳೋಣವೆಂದು ಡೆಲ್ಫಿಗೆ ಫೋನ್ ಮಾಡಿದರೆ ಅವಳ ದನಿ ಸತ್ತಿತ್ತು. ಕರಾರಿನ ಬಗ್ಗೆ ಸ್ಟುಡಿಯೋದಿಂದ ಮಾತಿಲ್ಲ, ಕಾಗದವಿಲ್ಲ. ಅರ್ಧ ಗಂಟೆ ಐರಾನ ಕತೆಗಳನ್ನು ಹೇಳಿದೆ. ಕೊನೆಗೆ ನಕ್ಕಳು.

ಮೇ 21, ಶುಕ್ರವಾರ

ಬೆಳಿಗ್ಗೆ ಕಾಫಿಗೂ ಮುಂಚೆ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ರಿವರ್‌ಸೈಡ್‌ನ ಥಿಯೇಟರಿನಲ್ಲಿ ನಮ್ಮ ಚಿತ್ರವನ್ನು ಮುಂಚಿತವಾಗಿ ತೋರಿಸಿದರು. ಏನು ಚಿತ್ರ ಅಂತ ಜನಕ್ಕೆ ಹೇಳುವುದಿಲ್ಲ. ನೋಡಿ, ಕಾರ್ಡಿನ ಮೇಲೆ ಅನಿಸಿದ್ದನ್ನು ಬರೆದು ಹೋಗುತ್ತಾರೆ. ಜನಕ್ಕೆ ಹಿಡಿಸದ್ದಕ್ಕೆ ಮಾರನೇ ದಿನ ಕತ್ತರಿ. ನಿರ್ಮಾಪಕರು, ಕಾರ್ವೆತ್, ಕರಾರು ನೋಡಿಕೊಳ್ಳುವ ಮೇಲಿನವರು ಎಲ್ಲ ಕೊನೆಯ ಸಾಲಿನಲ್ಲಿ. ಡೆಲ್ಫಿ, ಹಲ್ಡಾ, ನಾನು ನಡುವೆ. ಡೆಲ್ಫಿ ಕೈ ಮಂಜುಗಡ್ಡೆ. ಕರಾರು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅವಳ ಹತ್ತಿರ ಇದ್ದದ್ದು ಆ ಏಳು ಮಾತು ಮಾತ್ರ.

ಡ್ರ್ಯಾಗನ್ ಬಂತು. ಜನ ಶುರುವಿಗೇ ಕಿಸಕ್ಕೆಂದರು. ಕುಡಿದವನ ಹಾಗೆ ತೇಲಾಡಿದ ಕಡೆ ಗೊಳ್ಳೆಂದರು. ಆಮೇಲೆ ಪುಕ್ಕಲ ವೀರ ಸೌಟು ಬೀಸಿದ. ಮುಂಗಾಲು ಬಿತ್ತು. ಹಿಂಗಾಲು ನಿಂತಿತು.

ಅಯ್ಯಯ್ಯೋ, ಆ ನಗು! ಆರು ವರ್ಷ ಕೇಳದ ನಗು! ಮೂವತ್ತೈದು ವರ್ಷದಲ್ಲೇ ಕೇಳದ ನಗು! ಮುಂದಿನ ಸಾಲಿನ ದಪ್ಪ ಹೆಂಗಸು ಉಸಿರು ಸಿಗದೆ ಗಂಡನ ತೊಡೆ ಬಡಿಯುತ್ತಿದ್ದಳು. ಪಾಪ್‌ಕಾರ್ನ್ ಮೇಲಿಂದ ಮಳೆಯಂತೆ ಸುರಿಯಿತು. ಎಂಟುನೂರು ಜನ, ನನ್ನ ಎರಡು ಕಾಲಿಗೆ! ನಾನು ಆ ನಗುವಿನಲ್ಲಿ ಮೀಯುತ್ತಾ ಕೂತಿದ್ದೆ.

ಅಷ್ಟರಲ್ಲಿ ಪರದೆಯ ಮೇಲೆ ಹಿಂಗಾಲು ಬಿತ್ತು. ನಗು ಬೀಳಲಿಲ್ಲ, ಇನ್ನೂ ಏರಿತು. ಹೊಟ್ಟೆಯ ಗುಂಡಿ ಬಿಚ್ಚತೊಡಗಿತು. ಪಕ್ಕಕ್ಕೆ ತಿರುಗಿ ನೋಡಿದೆ. ಡೆಲ್ಫಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗೂ ಗೊತ್ತಾಗಿತ್ತು. ರಂಗದ ಮೇಲಾದರೆ ಕಾಯುತ್ತಿದ್ದೆ, ಸಿನಿಮಾ ಯಾರಿಗೂ ಕಾಯುವುದಿಲ್ಲ. ಅವಳ ಮಾತು ನನ್ನ ನಗುವಿನಲ್ಲಿ ಮುಳುಗಿ ಸಾಯುತ್ತಿತ್ತು.

ಎದ್ದು ನಿಂತೆ. ಕುರ್ಚಿಯ ಮೇಲೆ ಹತ್ತಿದೆ ಅಂತ ಹಲ್ಡಾ ಹೇಳುತ್ತಾಳೆ, ನನಗೆ ನೆನಪಿಲ್ಲ.

"ಶ್! ಸುಮ್ನಿರ್ರಿ! ಬಾಯ್ಮುಚ್ರೀ ಎಲ್ಲಾ! ಹುಡುಗಿ ಮಾತಾಡ್ತಿದ್ದಾಳೆ!"

ಮೂರು ಬಾಲ್ಕನಿಗೆ ಕೇಳುವ ಗಂಟಲು ನನ್ನದು. ಎಂಟುನೂರು ಜನ ಗಕ್ಕನೆ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಡೆಲ್ಫಿಯ ಮುಖ ಪರದೆ ತುಂಬ ಬಂತು, ಬೆವರು, ಕೂದಲು, ಕಣ್ಣು.

"ಕೊಂದಿದ್ದು ಮುಗೀತಾ, ಧಣಿ? ಹಂಗಾದ್ರೆ ನಾವು ಊಟಕ್ಕೆ ಹೋಗ್ತೀವಿ."

ಚಾವಣಿ ಹಾರಿಹೋಯಿತು!

ಹಿಂದಿನ ಸಾಲಿನವನು ನನ್ನ ಕೋಟು ಜಗ್ಗಿದ. "ಕೂತ್ಕೊಳೋ ಮುದುಕ! ನಿನಗೆ ತಮಾಷೆ ಅಂದ್ರೇನು ಅಂತ ಗೊತ್ತಿಲ್ದಿದ್ರೆ ಗೊತ್ತಿರೋರಿಗಾದ್ರೂ ನಗೋಕೆ ಬಿಡು! ಆ ಹಿಂಗಾಲು ಎಷ್ಟು ಚೆನ್ನಾಗಿ ಮಾಡ್ತಿತ್ತು, ಎಲ್ಲಾ ಹಾಳು ಮಾಡ್ದೆ!"

ಆ ಹಿಂಗಾಲು ನಾನೇ ಕಣಯ್ಯ ಅನ್ನಬೇಕಿತ್ತು. ಆ ಹೊತ್ತಿಗೆ ನನಗೆ ಅದು ಹೊಳೆಯಲೇ ಇಲ್ಲ. ಥಿಯೇಟರಿನವರಿಬ್ಬರು ಬಂದು ರಟ್ಟೆ ಹಿಡಿದು ಹೊರಗೆ ನಡೆಸಿದರು.

ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಡೆಲ್ಫಿ ಬಾಗಿಲು ತಳ್ಳಿಕೊಂಡು ಓಡಿಬಂದಳು, ಅಳು ನಗು ಎರಡೂ ಒಟ್ಟಿಗೆ.

"ತಲೆ ಕೆಟ್ಟಿದ್ಯಾ ನಿಮಗೆ? ಅಂಥ ನಗು! ಜೀವಮಾನಕ್ಕೊಂದು ಸಲ ಬರೋ ನಗು! ಅದನ್ನ ನೀವೇ ನಿಲ್ಲಿಸಿಬಿಟ್ರಲ್ಲ!"

"ನನ್ನ ನಗು ತಾನೆ? ನಾನೇ ನಿಲ್ಲಿಸ್ದೆ. ನಿನಗೇನು?"

ನನ್ನ ಬೋಳು ತಲೆಗೆ ಮುತ್ತು ಕೊಟ್ಟಳು. ಲಿಪ್‌ಸ್ಟಿಕ್ ಅಂಟಿಸಿಬಿಟ್ಟಳು, ಒರೆಸಿದರೂ ಹೋಗಲಿಲ್ಲ.

ಮೇ 24, ಸೋಮವಾರ

ಕಾರ್ವೆತ್ ನಮ್ಮನ್ನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಪ್ರೇಕ್ಷಕರ ಕಾರ್ಡುಗಳ ಗುಡ್ಡೆ. ಮೊದಲು ಡೆಲ್ಫಿಗೆ ಒಂದು ಕಾಗದ ಕೊಟ್ಟ. ಕರಾರು ಒಂದು ವರ್ಷ ಮುಂದುವರಿದಿದೆ. ಮುಂದಿನ ಚಿತ್ರದಲ್ಲಿ ನಾಯಕಿಯ ಗೆಳತಿ, ಎರಡು ಪುಟ ಮಾತು! ಡೆಲ್ಫಿ ಕುರ್ಚಿಯ ಮೇಲೆ ನಿಂತು ಕಿರುಚಿದಳು. ಹಲ್ಡಾ ಹೆಣಿಗೆಯನ್ನು ಗಾಳಿಗೆಸೆದಳು. ನಾನು ಕಾರ್ವೆತ್‌ನನ್ನೇ ತಬ್ಬಿಕೊಂಡುಬಿಟ್ಟೆ, ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ಮಾತಿಗೆ ಮುಂಚೆ ಆರು ಸೆಕೆಂಡ್ ಜಾಗ ಬಿಡುತ್ತಾರಂತೆ. ನಗುವ ರಾಜನ ಮುಖವೊಂದನ್ನು ಅಲ್ಲಿ ಸೇರಿಸುತ್ತಾರೆ. ನನಗೆ ಕೆಲಸವೇನೂ ಇಲ್ಲ.

"ಇನ್ನು ನಿನ್ನ ವಿಷಯ ಪಿಂಕಸ್" ಎಂದು ಕಾರ್ವೆತ್ ಕಾರ್ಡುಗಳನ್ನು ತಿರುವಿದ. "ಕೇಳು. 'ಚಿತ್ರ ಚೆನ್ನಾಗಿದೆ, ಕೂಗಾಡಿದ ಮುದುಕನನ್ನು ಒದ್ದು ಓಡಿಸಿ.' 'ಮುದುಕ ಕುಡಿದಿದ್ದ.' 'ಮುದುಕನೂ ಚಿತ್ರದ ಭಾಗವೇ? ಹಾಗಾದರೆ ಮುದುಕನನ್ನು ಕತ್ತರಿಸಿ.'"

ಹಲ್ಡಾ ಕಣ್ಣೀರು ಒರೆಸಿಕೊಳ್ಳುವಷ್ಟು ನಗುತ್ತಿದ್ದಳು. ಡೆಲ್ಫಿಯೂ. ನಾನೂ ನಕ್ಕೆ, ಏನು ಮಾಡುವುದು?

"ಇದೊಂದು ಕೇಳು" ಎಂದು ಅವನು ಕೊನೆಯದನ್ನು ಎತ್ತಿಕೊಂಡ. ಪೆನ್ಸಿಲ್ಲಿನಲ್ಲಿ ಯಾರೋ ವಯಸ್ಸಾದ ಹೆಂಗಸು ಬರೆದಂತಿತ್ತು. "'ಊಟ ಕೇಳುವ ಹುಡುಗಿ ಬಹಳ ಚೆನ್ನಾಗಿ ಮಾಡಿದ್ದಾಳೆ. ಎದ್ದು ಕೂಗಿದ ಮನುಷ್ಯ ಅವಳ ತಂದೆ ಇರಬೇಕು. ಪಾಪ, ಅವನಿಗೆ ಯಾರೂ ಏನೂ ಅನ್ನಬೇಡಿ.'"

ಯಾರೂ ನಗಲಿಲ್ಲ. ಡೆಲ್ಫಿ ನನ್ನ ಕಡೆ ನೋಡಿದಳು. ಅಲ್ಲ, ನಾನು ಹಿಂಗಾಲಿನವನು, ಹುಡುಗಿಗೂ ನನಗೂ ಏನೂ ಸಂಬಂಧವಿಲ್ಲ ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ. ಅವಳೂ ತಿದ್ದಲಿಲ್ಲ.

ಕಾರ್ವೆತ್ ಎಲ್ಲ ಕಾರ್ಡುಗಳನ್ನೂ ಕಸದ ಬುಟ್ಟಿಗೆ ಸುರಿದ. ಅವರೆಲ್ಲ ಕಾಫಿಗೆ ಹೊರಟ ಮೇಲೆ ನಾನು ಬುಟ್ಟಿಗೆ ಕೈಹಾಕಿ ಆ ಒಂದನ್ನು ಹುಡುಕಿ ಜೇಬಿಗಿಟ್ಟುಕೊಂಡೆ.